ಡಿಸೆಂಬರಿನಲ್ಲಿ ಹುಟ್ಟಿದ ಮಗ ಕ್ಲಾಸಿನಲ್ಲಿ ಹಿಂದೆ ಬಿದ್ದಿದ್ದಾನಾ?

ಪ್ರಶ್ನೆ: ನನ್ನ ಮಗ ಹುಟ್ಟಿದ್ದು 2019ರ ಡಿಸೆಂಬರ್ ಕೊನೆ ವಾರ. 2025ರಲ್ಲಿ ಸರ್ಕಾರ ವಯಸ್ಸು ಸಡಿಲಿಸಿದಾಗ ಒಂದನೇ ಕ್ಲಾಸಿಗೆ ಸೇರಿಸಿದೆವು. ಈಗ ವರ್ಷ ಮುಗಿಯುತ್ತಾ ಬಂತು. ಬೋರ್ಡ್ ಮೇಲಿನದ್ದು ಪೂರ್ತಿ ಬರೆದುಕೊಳ್ಳೋದಿಲ್ಲ, ಕೂತಲ್ಲಿ ಕೂರೋದಿಲ್ಲ ಅಂತ ಮಿಸ್ ಹೇಳುತ್ತಾರೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದು, ಒಮ್ಮೆ ಡಾಕ್ಟರಿಗೆ ತೋರಿಸಿ ಅಂದರು. ಅತ್ತೆ, ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸಿ ಅಂತಾರೆ. ಏನು ಮಾಡಲಿ? ಮಗಳು 2022ರ ಜುಲೈನಲ್ಲಿ ಹುಟ್ಟಿದವಳು. ಅವಳನ್ನು ಈ ವರ್ಷ ಎಲ್‌ಕೆಜಿಗೆ ಹಾಕಲಾ? (ಒಬ್ಬ ತಾಯಿ, ಶಿವಮೊಗ್ಗ)

ಉತ್ತರ:

ಮೊದಲು ಮಗನ ವಯಸ್ಸಿನ ಲೆಕ್ಕ ಹಾಕೋಣ. 6 ವರ್ಷದ ನಿಯಮ ಸಡಿಲಿಸಿದ್ದರಿಂದ, 2025ರ ಜೂನ್ 1ಕ್ಕೆ 5 ವರ್ಷ 5 ತಿಂಗಳು ತುಂಬಿದ್ದರೆ ಸಾಕು ಅನ್ನೋದು ಆ ವರ್ಷದ ನಿಯಮ. ಅಂದರೆ 2020ರ ಜನವರಿ 1ರ ಹೊತ್ತಿಗೆ ಹುಟ್ಟಿರಬೇಕು. ನಿಮ್ಮ ಮಗ ಆ ಗೆರೆಯ ಪಕ್ಕದಲ್ಲೇ ಇದ್ದಾನೆ. ಅವನ ಜೊತೆ ಬೆಂಚಿನಲ್ಲಿ ಕೂತಿರೋ ಮಗು 2019ರ ಜನವರಿಯಲ್ಲಿ ಹುಟ್ಟಿದ್ದರೆ ಅದು ಇವನಿಗಿಂತ ಸುಮಾರು ಒಂದು ವರ್ಷ ದೊಡ್ಡದು. 6 ತುಂಬಲಿ ಅಂತ ಮನೆಯಲ್ಲೇ ಒಂದು ವರ್ಷ ಕಾಯಿಸಿದವರ ಮಕ್ಕಳು ಇನ್ನೂ ದೊಡ್ಡವರು. ನಿಮ್ಮ ಮಗ ಕ್ಲಾಸಿನಲ್ಲೇ ಚಿಕ್ಕವನು, ಇಲ್ಲಾ ಚಿಕ್ಕವರಲ್ಲಿ ಒಬ್ಬ.

ದೊಡ್ಡವರಿಗೆ ಒಂದು ವರ್ಷ ಅಂದರೆ ಏನೂ ಅಲ್ಲ. ಆದರೆ ಅವನು ಸ್ಕೂಲ್ ಮೆಟ್ಟಿಲು ಹತ್ತಿದಾಗ ಒಟ್ಟು ಬದುಕಿದ್ದೇ 65 ತಿಂಗಳು. ಪಕ್ಕದವನು 77 ತಿಂಗಳು. ಹತ್ತಿರ ಹತ್ತಿರ ಐದನೇ ಒಂದು ಪಾಲು ಜಾಸ್ತಿ ದಿನ ಮಾತು ಕೇಳಿದ್ದಾನೆ, ಕಥೆ ಕೇಳಿದ್ದಾನೆ, ಕೈಯಲ್ಲಿ ಬಳಪ ಹಿಡಿದಿದ್ದಾನೆ. ಇಬ್ಬರಿಗೂ ಅದೇ ಪುಸ್ತಕ, ಅದೇ ಪರೀಕ್ಷೆ, ಅದೇ ಮಾರ್ಕ್ಸ್ ಕಾರ್ಡ್. ಇಬ್ಬರೂ ಎಸ್ಸೆಸ್ಸೆಲ್ಸಿ ಬರೆಯೋ ಹೊತ್ತಿಗೆ ನಿಮ್ಮ ಮಗನಿಗೆ 183 ತಿಂಗಳಾಗಿರುತ್ತದೆ, ಅವನಿಗೆ 195. ಆಗಲೂ ಅಂತರ ಅದೇ 12 ತಿಂಗಳೇ, ಆದರೆ ಅದು ನೂರಕ್ಕೆ ಏಳರಷ್ಟೂ ಆಗಲ್ಲ. ಅದಕ್ಕೇ ಚಿಕ್ಕ ಕ್ಲಾಸುಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಮುಂದೆ ಕರಗುತ್ತಾ ಹೋಗುತ್ತದೆ.

ನಿಮ್ಮನ್ನು ಸಮಾಧಾನ ಮಾಡೋಕೆ ಹೇಳುತ್ತಿರೋ ಮಾತಲ್ಲ ಇದು. ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡ್ಯೂಯಿ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಗಣಿತ, ವಿಜ್ಞಾನ ಪರೀಕ್ಷೆಗಳ ಅಂಕ ಹಿಡಿದು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಾಲ್ಕನೇ ತರಗತಿಯಲ್ಲಿ ಕ್ಲಾಸಿನ ಕಿರಿಯರು ಹಿರಿಯರಿಗಿಂತ ಸರಾಸರಿ 4ರಿಂದ 12 ಸ್ಥಾನ ಹಿಂದಿದ್ದರು. ಎಂಟನೇ ತರಗತಿಗೆ ಬಂದಾಗ ಅದು 2ರಿಂದ 9ಕ್ಕೆ ಇಳಿದಿತ್ತು. ಕಡಿಮೆ ಆಗುತ್ತದೆ, ಆದರೆ ಪೂರ್ತಿ ಹೋಗಿರಲಿಲ್ಲ. ಇಂಗ್ಲೆಂಡಿನಲ್ಲಿ ಗೆರೆ ಸೆಪ್ಟೆಂಬರ್ 1. ಅಲ್ಲಿ ಆಗಸ್ಟಿನಲ್ಲಿ ಹುಟ್ಟಿದವರು ಕಿರಿಯರು. ಅಲ್ಲಿ 2013ರಲ್ಲಿ ಬಂದ ಒಂದು ದೊಡ್ಡ ವರದಿ ನೋಡಿ: 16ನೇ ವಯಸ್ಸಿನ ಪರೀಕ್ಷೆಯಲ್ಲಿ ಐದು ವಿಷಯಗಳಲ್ಲಿ ಒಳ್ಳೆ ದರ್ಜೆ ಪಡೆದವರ ಪ್ರಮಾಣ, ಸೆಪ್ಟೆಂಬರ್ ಮಕ್ಕಳಿಗಿಂತ ಆಗಸ್ಟ್ ಮಕ್ಕಳಲ್ಲಿ ನೂರಕ್ಕೆ 6.4ರಷ್ಟು ಕಡಿಮೆ. ಅದೇ ವರದಿಯ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ ಮಗು ಬೇಗ ಶಾಲೆಗೆ ಸೇರಿದ್ದೂ ಅಲ್ಲ, ಬುದ್ಧಿ ಕಡಿಮೆ ಇದ್ದದ್ದೂ ಅಲ್ಲ. ಪರೀಕ್ಷೆ ಬರೆದ ದಿನ ಆ ಮಗುವಿನ ವಯಸ್ಸು ಕಡಿಮೆ ಇತ್ತು, ಅಷ್ಟೇ. ಅದಕ್ಕೇ ವಯಸ್ಸು ನೋಡಿ ಅಂಕ ಸರಿಹೊಂದಿಸಬೇಕು ಅಂತ ಆ ಸಂಶೋಧಕರು ಸಲಹೆ ಕೊಟ್ಟರು. ಬೆಳೆದು ಕೆಲಸಕ್ಕೆ ಸೇರಿದ ವಯಸ್ಸಿನವರಲ್ಲಿ ನೋಡಿದಾಗ ಹುಟ್ಟಿದ ತಿಂಗಳ ಗುರುತು ಹೆಚ್ಚೇನೂ ಉಳಿದಿರಲಿಲ್ಲ.

ಕಿರಿಯರು ಇಂಗ್ಲೆಂಡಿನಲ್ಲಿ ಆಗಸ್ಟ್ ಮಕ್ಕಳು, ಏಪ್ರಿಲ್‌ನಲ್ಲಿ ಶಾಲಾ ವರ್ಷ ಶುರುವಾಗುವ ಜಪಾನಿನಲ್ಲಿ ಮಾರ್ಚ್, ಕ್ಯಾಲೆಂಡರ್ ವರ್ಷವನ್ನೇ ಹಿಡಿಯುವ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಡಿಸೆಂಬರ್. ಗೆರೆ ಎಲ್ಲಿ ಎಳೆದರೋ ಅದರ ಪಕ್ಕದ ತಿಂಗಳಲ್ಲಿ ಹುಟ್ಟಿದ ಮಕ್ಕಳು ಹಿಂದೆ ಬಿದ್ದಂತೆ ಕಾಣುತ್ತಾರೆ. ಹಾಗಾಗಿ ತಿಂಗಳಲ್ಲಾಗಲಿ, ನಕ್ಷತ್ರದಲ್ಲಾಗಲಿ ದೋಷ ಇಲ್ಲ.

ಈಗ ಎಡಿಎಚ್‌ಡಿ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಕಾಳಜಿ ಆಗಿದ್ದು ಇದೇ.

ಬ್ರಿಟಿಷ್ ಕೊಲಂಬಿಯಾದಲ್ಲಿ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಒಂದು ಅಧ್ಯಯನ ಬಂತು. ಜನವರಿಯಲ್ಲಿ ಹುಟ್ಟಿದ ಹುಡುಗರಿಗಿಂತ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿ ಅಂತ ಹೆಸರು ಬೀಳುವ ಸಾಧ್ಯತೆ ಶೇ. 30 ಜಾಸ್ತಿ ಇತ್ತು. ಹುಡುಗಿಯರಲ್ಲಿ ಶೇ. 70 ಜಾಸ್ತಿ. ಮಾತ್ರೆ ಕೊಡೋದರಲ್ಲೂ ಇದೇ ಕಥೆ. ಆಮೇಲೆ 2018ರಲ್ಲಿ ಅಮೆರಿಕದಿಂದ ಇನ್ನೊಂದು ಅಧ್ಯಯನ ಬಂತು. ಸೆಪ್ಟೆಂಬರ್ 1ರ ಗೆರೆ ಇರುವ ರಾಜ್ಯಗಳಲ್ಲಿ, ಆಗಸ್ಟಿನಲ್ಲಿ ಹುಟ್ಟಿದ ಪ್ರತಿ 10,000 ಮಕ್ಕಳಲ್ಲಿ 85 ಮಕ್ಕಳಿಗೆ ಈ ಹಣೆಪಟ್ಟಿ, ಸೆಪ್ಟೆಂಬರಿನಲ್ಲಿ ಹುಟ್ಟಿದವರಲ್ಲಿ 64ಕ್ಕೆ. ಆ ಗೆರೆ ಇಲ್ಲದ ರಾಜ್ಯಗಳಲ್ಲಿ ಇಂಥ ವ್ಯತ್ಯಾಸವೇ ಕಾಣಲಿಲ್ಲ. ಆಗಸ್ಟ್ 31ಕ್ಕೆ ಹುಟ್ಟಿದ ಮಗುವಿನ ಮಿದುಳು ಸೆಪ್ಟೆಂಬರ್ 1ಕ್ಕೆ ಹುಟ್ಟಿದ ಮಗುವಿನ ಮಿದುಳಿಗಿಂತ ಬೇರೆ ಇರೋಕೆ ಸಾಧ್ಯವೇ ಇಲ್ಲ, ಅಲ್ವಾ? ಬೇರೆ ಇದ್ದದ್ದು ಸುತ್ತ ಕೂತ ಮಕ್ಕಳು. ಐದೂವರೆ ವರ್ಷದ ಮಗು ಐದೂವರೆ ವರ್ಷದ ಮಗುವಿನ ಹಾಗೆ ನಡೆದುಕೊಂಡಿತ್ತು, ಆರೂವರೆ ವರ್ಷದವರ ನಡುವೆ ಕೂತಿದ್ದರಿಂದ ಅದು ಕಾಯಿಲೆ ಥರ ಕಂಡಿತು.

ಎಡಿಎಚ್‌ಡಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜವಾದ ತೊಂದರೆ, ಸರಿಯಾದ ಮಕ್ಕಳಿಗೆ ಸರಿಯಾದ ಹೊತ್ತಿಗೆ ಚಿಕಿತ್ಸೆ ಸಿಕ್ಕರೆ ಬದುಕು ಬದಲಾಗುತ್ತದೆ. ಆದರೆ ಅದನ್ನು ತೀರ್ಮಾನಿಸೋಕೆ ಮಿಸ್ ಹೇಳಿದ ಒಂದು ಮಾತು ಸಾಲದು. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು. ಶಾಲೆಯಲ್ಲಿ ಮಾತ್ರ ಅಲ್ಲ, ಮನೆಯಲ್ಲೋ ಬೇರೆ ಕಡೆಯೋ ಕಾಣಬೇಕು. ಮುಖ್ಯವಾಗಿ, ಅವನದೇ ವಯಸ್ಸಿನ ಮಕ್ಕಳಿಗೆ ಹೋಲಿಸಿದಾಗಲೂ ಅತಿಯಾಗಿರಬೇಕು. ಹಾಗಾಗಿ ಮನೆಯಲ್ಲಿ ಗಮನಿಸಿ. ಕಥೆ ಹೇಳಿದರೆ ಕೊನೆ ತನಕ ಕೇಳುತ್ತಾನಾ? ಚೌಕಾಬಾರ ಆಡುವಾಗ ತನ್ನ ಸರದಿ ಬರೋವರೆಗೂ ಕಾಯುತ್ತಾನಾ? ‘ಚಪ್ಪಲಿ ಬಿಟ್ಟು, ಕೈ ತೊಳೆದು, ತಟ್ಟೆ ತಗೊಂಡು ಬಾ’ ಅಂದರೆ ಮೂರನ್ನೂ ಮಾಡುತ್ತಾನಾ, ಒಂದು ಮರೆತರೂ ನೆನಪಿಸಿದಾಗ ಮಾಡುತ್ತಾನಾ? ಮದುವೆ ಮನೆಯಲ್ಲಿ, ಅಜ್ಜಿ ಊರಲ್ಲಿ ಅವನ ವಾರಿಗೆಯ ಮಕ್ಕಳಷ್ಟೇ ಓಡಾಡುತ್ತಾನಾ ಅಥವಾ ಅಪಾಯದ ಅರಿವೇ ಇಲ್ಲದ ಹಾಗೆ ರಸ್ತೆಗೆ ನುಗ್ಗುತ್ತಾನಾ? ಶಾಲೆ ಬಿಟ್ಟು ಬೇರೆಲ್ಲ ಕಡೆ ಆರಾಮಾಗಿದ್ದಾನೆ ಅಂದರೆ ಡಾಕ್ಟರಿಗಿಂತ ಮೊದಲು ಮಾತಾಡಬೇಕಾದದ್ದು ಶಾಲೆಯವರ ಹತ್ತಿರ.

ಬೋರ್ಡ್ ಮೇಲಿನದ್ದು ಬರೆದುಕೊಳ್ಳೋದಿಲ್ಲ ಅಂದಿರಿ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಕಿವಿಯನ್ನೂ ಮಾಡಿಸಿ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಎರಡೂ ಸರಿ ಇದ್ದರೆ ಮುಂದೆ ಕೈ ನೋಡಿ. ಬೋರ್ಡ್ ನೋಡಿ ಬರೆಯೋದು ಸಣ್ಣ ಕೆಲಸ ಅಲ್ಲ. ತಲೆ ಎತ್ತಿ ‘ಮೈಸೂರು’ ಅಂತ ನೋಡಬೇಕು, ಆ ಆಕಾರವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು, ತಲೆ ಬಗ್ಗಿಸಿ ಎಲ್ಲಿ ಬಿಟ್ಟಿದ್ದೆ ಅಂತ ಸಾಲು ಹುಡುಕಬೇಕು, ಮ ಬರೆದು ಐತ್ವ ಹಾಕಬೇಕು. ಅಷ್ಟರಲ್ಲಿ ಸಾ ಇತ್ತೋ ಸೂ ಇತ್ತೋ ಮರೆತಿರುತ್ತದೆ, ಮತ್ತೆ ತಲೆ ಎತ್ತಬೇಕು. ಓದಲು ಚೆನ್ನಾಗಿ ಬರುವ ಮಗು ಇಡೀ ಪದವನ್ನು ಒಂದೇ ಸಲ ಎತ್ತಿಕೊಳ್ಳುತ್ತದೆ. ಇನ್ನೂ ಓದು ಕೂರದ ಮಗು ಒಂದೊಂದು ಗೆರೆಯನ್ನೂ ಚಿತ್ರದ ಹಾಗೆ ನಕಲು ಮಾಡುತ್ತದೆ. ಜೊತೆಗೆ ಈ ವಯಸ್ಸಿನಲ್ಲಿ ಮಣಿಕಟ್ಟಿನ ಸಣ್ಣ ಮೂಳೆಗಳೇ ಇನ್ನೂ ಪೂರ್ತಿ ಗಟ್ಟಿಯಾಗಿರೋದಿಲ್ಲ. ಅರ್ಧ ಬರೆಯುವಷ್ಟರಲ್ಲಿ ಮಿಸ್ ಬೋರ್ಡ್ ಅಳಿಸುತ್ತಾರೆ. ಇಂಥದ್ದು ದಿನಾ ಆದರೆ ಯಾವ ಮಗು ತಾನೇ ಕೂತಲ್ಲಿ ಕೂರುತ್ತದೆ? ‘ಇದು ನನ್ನ ಕೈಯಲ್ಲಿ ಆಗಲ್ಲ’ ಅಂತ ಅವನಿಗೆ ಅನಿಸಿಬಿಟ್ಟಿರುತ್ತದೆ, ಆ ಅನಿಸಿಕೆಯೇ ನನಗೆ ಭಯ. ಇಂಗ್ಲೆಂಡಿನಲ್ಲೂ ಕಿರಿಯ ಮಕ್ಕಳಿಗೆ ತಮ್ಮ ಮೇಲೆ ನಂಬಿಕೆ ಕಡಿಮೆ ಇದ್ದದ್ದು ಕಂಡುಬಂದಿದೆ.

ವಯಸ್ಸಿನ ಅಂತರ ತನ್ನಷ್ಟಕ್ಕೆ ಕರಗುತ್ತದೆ. ಅದನ್ನು ಕರಗದ ಹಾಗೆ ಮಾಡೋದು ನಾವು ದೊಡ್ಡವರು. ಕೆನಡಾದ ಜೂನಿಯರ್ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರೋದನ್ನು 1980ರ ದಶಕದಲ್ಲೇ ಗುರುತಿಸಿದ್ದರು. ಚಿಕ್ಕ ವಯಸ್ಸಿನಲ್ಲಿ ಮೈಕಟ್ಟು ನೋಡಿ ಆರಿಸಿದರು, ಆರಿಸಿದವರಿಗೆ ಒಳ್ಳೆ ಕೋಚ್, ಜಾಸ್ತಿ ಆಟ ಸಿಕ್ಕಿತು, ಕೊನೆಗೆ ಅವರು ನಿಜವಾಗಿಯೂ ಮುಂದೆ ಹೋದರು. ಜರ್ಮನಿಯಲ್ಲಿ ಹೆಚ್ಚಿನ ಕಡೆ ನಾಲ್ಕನೇ ತರಗತಿ ಆದಮೇಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ, ಅಲ್ಲೂ ವಿಶ್ವವಿದ್ಯಾಲಯದ ದಾರಿಯ ಶಾಲೆಗೆ ಹೋಗುವವರಲ್ಲಿ ವಯಸ್ಸಿನಲ್ಲಿ ದೊಡ್ಡವರು ಜಾಸ್ತಿ. ನಮ್ಮಲ್ಲಿ ಎರಡನೇ ಕ್ಲಾಸಿಗೇ ಮಾರ್ಕ್ಸ್ ನೋಡಿ ಎ ಸೆಕ್ಷನ್, ಬಿ ಸೆಕ್ಷನ್ ಮಾಡುವ ಶಾಲೆಗಳಿವೆ. ದಯವಿಟ್ಟು ಕೇಳಿ ನೋಡಿ, ಆ ಎ ಸೆಕ್ಷನ್ನಿನಲ್ಲಿ ಎಷ್ಟು ಮಕ್ಕಳು ಬರೀ ವಯಸ್ಸಿನ ಬಲದಿಂದ ಕೂತಿದ್ದಾರೆ ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ? ಏಳು ವರ್ಷದ ಮಗುವನ್ನು ದಡ್ಡರ ಸೆಕ್ಷನ್ ಅಂತ ಕರೆಯುವ ಕೋಣೆಯಲ್ಲಿ ಕೂರಿಸೋದು ಅನ್ಯಾಯ. ನಾನಂತೂ ಇದನ್ನು ಬೇರೆ ಯಾವ ಮಾತಲ್ಲೂ ಹೇಳಲಾರೆ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಒಳ್ಳೆ ದಾರಿ ಹಿಂದೆಯೇ ಹುಟ್ಟಿದೆ. ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪದ್ಧತಿ ನೋಡಿ ಬಂದ ಮೇಷ್ಟ್ರುಗಳೇ ಕೂತು ಕಟ್ಟಿದ್ದು ಅದು. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ ಅಂತ ಕರೆಯುವ ಗುಂಪುಗಳಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೋ ಆ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು ಆ ಗುಂಪಿಗೆ ಹೋಗುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ತಾವೇ ಕಲಿಯುತ್ತಾರೆ. ಅಕ್ಷರಗಳೂ ಅ ಆ ಇ ಈ ಅಂತ ಶುರುವಾಗೋದಿಲ್ಲ. ರ ಗ ಸ ದ ಅ ಅಂತ ಬರೆಯಲು ಸುಲಭವಾದ, ಬೇಗ ಪದ ಕಟ್ಟಬಹುದಾದ ಅಕ್ಷರಗಳಿಂದ ಶುರು. ಡಿಸೆಂಬರ್ ಮಗು ಮೂರು ಮೆಟ್ಟಿಲು ಹಿಂದಿದ್ದರೆ ಹಿಂದೆಯೇ ಇರಲಿ, ಯಾರೂ ಅದನ್ನು ಫೇಲ್ ಅನ್ನೋದಿಲ್ಲ. ಜಾರಿಯಲ್ಲಿ ಕೊರತೆಗಳಿವೆ, ಒಬ್ಬರೇ ಶಿಕ್ಷಕರಿರುವ ಕಡೆ ಬಹಳ ಕಷ್ಟವೂ ಆಗಿದೆ. ಆದರೂ ಒಂದೇ ಕ್ಲಾಸಿನಲ್ಲಿ ಬೇರೆ ಬೇರೆ ವಯಸ್ಸು ಇರೋದು ಸಹಜ ಅಂತ ಒಪ್ಪಿಕೊಂಡು ಕಟ್ಟಿದ ಕ್ರಮ ಅದು. ಕೈ ತುಂಬ ಫೀಸು ತಗೊಳ್ಳುವ ಎಷ್ಟೋ ಖಾಸಗಿ ಶಾಲೆಗಳಲ್ಲಿ ಈ ತಿಳಿವಳಿಕೆ ಇನ್ನೂ ಬಂದಿಲ್ಲ.

ಹಿಂದೆ ಹಳ್ಳಿಗಳಲ್ಲಿ ಹುಟ್ಟಿದ ತಾರೀಕು ಗೊತ್ತಿಲ್ಲದಾಗ ಮೇಷ್ಟ್ರು ಬಲಗೈಯನ್ನು ತಲೆ ಮೇಲಿಂದ ತಂದು ಎಡಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ದಾಖಲಾತಿ, ಇಲ್ಲದಿದ್ದರೆ ಮುಂದಿನ ವರ್ಷ ಬಾ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1 ಅಂತ ಇರೋದೂ ಆ ಕಾಲದ್ದೇ. ತಾರೀಕಿನ ಬದಲು ಮಗುವಿನ ಮೈ ಬೆಳೆದಿದೆಯಾ ಅಂತ ನೋಡುತ್ತಿದ್ದರು, ಅದರಲ್ಲಿ ಒಂದು ವಿವೇಕ ಇತ್ತು. ಈಗ ಕೆಲವರು ಗೆರೆ ದಾಟಿಸೋಕೆ ಜನನ ಪತ್ರವನ್ನೇ ತಿದ್ದಿಸಲು ಓಡಾಡುತ್ತಾರೆ. ಅದನ್ನು ಯಾವತ್ತೂ ಮಾಡಬೇಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ತನಕ ಆ ಸುಳ್ಳು ಬೆನ್ನು ಬಿಡೋದಿಲ್ಲ.

ಇನ್ನು ಅತ್ತೆಯವರ ಸಲಹೆ. ಒಂದು ವರ್ಷ ಕೂರಿಸೋದಾ? ನಾನು ಬೇಡ ಅಂತೀನಿ.

ಶಾಲೆಗೆ ಸೇರಿಸುವ ಮೊದಲು ಕಾಯಿಸೋದು ಬೇರೆ, ಸೇರಿಸಿದ ಮೇಲೆ ಅದೇ ಕ್ಲಾಸಿನಲ್ಲಿ ಉಳಿಸೋದು ಬೇರೆ. ಮೊದಲನೆಯದು ಮಗುವಿಗೆ ಗೊತ್ತೇ ಆಗೋದಿಲ್ಲ. ಎರಡನೆಯದು ಚೆನ್ನಾಗಿ ಗೊತ್ತಾಗುತ್ತದೆ. ಗೆಳೆಯರೆಲ್ಲ ಎರಡನೇ ಕ್ಲಾಸಿಗೆ ಹೋಗಿ ಇವನೊಬ್ಬ ಅಲ್ಲೇ ಉಳಿದರೆ ಅವನು ಅದಕ್ಕೆ ತನ್ನದೇ ಕಾರಣ ಕೊಟ್ಟುಕೊಳ್ಳುತ್ತಾನೆ. ಶಿಕ್ಷಣ ಹಕ್ಕು ಕಾಯ್ದೆ ಕೂಡ ಒಂದನೇ ಕ್ಲಾಸಿನಲ್ಲಿ ಮಗುವನ್ನು ಫೇಲ್ ಮಾಡಿ ಉಳಿಸಿಕೊಳ್ಳಲು ಶಾಲೆಗೆ ಬಿಡೋದಿಲ್ಲ. 2019ರ ತಿದ್ದುಪಡಿ ಅವಕಾಶ ಕೊಟ್ಟಿರೋದು 5 ಮತ್ತು 8ನೇ ತರಗತಿಗೆ ಮಾತ್ರ. ದೊಡ್ಡ ಮಕ್ಕಳ ಜೊತೆ ಓದುವುದರಿಂದ ನಷ್ಟವೇ ಅಂತಲೂ ಇಲ್ಲ. ಅಮೆರಿಕದ ಟೆನೆಸಿಯಲ್ಲಿ 1985ರಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಬೇರೆ ಬೇರೆ ಕೋಣೆಗಳಿಗೆ ಹಂಚಿ ಒಂದು ದೊಡ್ಡ ಪ್ರಯೋಗ ಶುರು ಮಾಡಿದ್ದರು. ಅದರ ಅಂಕಿಗಳನ್ನು ಆಮೇಲೆ ನೋಡಿದ ಸಂಶೋಧಕರಿಗೆ, ತನಗಿಂತ ದೊಡ್ಡ ಸಹಪಾಠಿಗಳಿದ್ದ ಮಕ್ಕಳಿಗೆ ಸ್ವಲ್ಪ ಅನುಕೂಲವೇ ಆಗಿದ್ದು ಕಂಡಿತು. ಚೆನ್ನಾಗಿ ಮಾತಾಡುವ, ನಿಯಮ ಪಾಲಿಸುವ ಮಕ್ಕಳ ನಡುವೆ ಚಿಕ್ಕವನೂ ಕಲಿಯುತ್ತಾನೆ. ಹೀಯಾಳಿಸೋದು, ಹೋಲಿಸೋದು ಇರಬಾರದು ಅಷ್ಟೇ.

ಇನ್ನೂ ಸೇರಿಸದೆ ಗೆರೆ ಪಕ್ಕದಲ್ಲಿರುವ ಮಗುವನ್ನು ಒಂದು ವರ್ಷ ಕಾಯಿಸಬಹುದಾ ಅಂದರೆ, ಕಾಯಿಸಬಹುದು. ಡೆನ್ಮಾರ್ಕಿನಲ್ಲಿ ಒಂದು ವರ್ಷ ತಡವಾಗಿ ಶಾಲೆಗೆ ಹೋದ ಮಕ್ಕಳಿಗೆ ಏಳನೇ ವಯಸ್ಸಿನಲ್ಲಿ ಗಮನದ ತೊಂದರೆಗಳು ಕಡಿಮೆ ಇದ್ದವು, ಹನ್ನೊಂದರಲ್ಲೂ ಹಾಗೇ ಇತ್ತು. ಆದರೆ ಅಲ್ಲಿ ಕಾಯುವ ವರ್ಷ ಅಂದರೆ ಒಳ್ಳೆಯ ಶಿಶುವಿಹಾರದಲ್ಲಿ ದಿನವೆಲ್ಲ ಆಟ. ಇಲ್ಲಿ ಯುಕೆಜಿಯನ್ನೇ ಎರಡನೇ ಸಲ, ಅದೇ ಪುಸ್ತಕ, ಅದೇ ಪದ್ಯ, ಮತ್ತೆ ಫೀಸು. ಕೂಲಿಗೆ ಹೋಗುವ ತಂದೆ ತಾಯಿಯ ಮಗುವಿಗೆ ಅದೂ ಇಲ್ಲ, ಹತ್ತಿರದಲ್ಲಿ ಚೆನ್ನಾಗಿ ನಡೆಯುವ ಅಂಗನವಾಡಿ ಇಲ್ಲದಿದ್ದರೆ ಆ ವರ್ಷ ಸುಮ್ನೆ ಹೋಗುತ್ತದೆ. ಕಾಯಿಸುವ ಲಾಭ ಉಳ್ಳವರಿಗೆ ಜಾಸ್ತಿ ಸಿಗುತ್ತದೆ ಅನ್ನೋದನ್ನು ನಿಯಮ ಮಾಡುವವರು ಮರೆಯಬಾರದು. 6 ವರ್ಷದ ನಿಯಮವನ್ನು ನಾನು ಒಪ್ಪುತ್ತೇನೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಹೇಳುತ್ತದೆ. ಆದರೆ ಅದರಿಂದ ಈ ತೊಂದರೆ ತೀರುತ್ತದೆ ಅಂದುಕೊಂಡರೆ ತಪ್ಪು. ಜೂನ್ 1ಕ್ಕೆ 6 ತುಂಬಿರಬೇಕು ಅಂದರೆ ಡಿಸೆಂಬರ್ ಮಕ್ಕಳ ಜಾಗಕ್ಕೆ ಮೇ ತಿಂಗಳ ಮಕ್ಕಳು ಬರುತ್ತಾರೆ. ಎಲ್ಲಿ ಗೆರೆ ಎಳೆದರೂ ಯಾರಾದರೂ ಒಬ್ಬರು ಕಿರಿಯರು ಇದ್ದೇ ಇರುತ್ತಾರೆ.

ಈಗ ನೀವು ಮಾಡಬೇಕಾದ್ದು. ಮಿಸ್ ಹತ್ತಿರ ಜಗಳ ಬೇಡ, ಅವರು ಕಾಳಜಿಯಿಂದಲೇ ಹೇಳಿರುತ್ತಾರೆ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಒಂದು ಕೋರಿಕೆ ಇಡಿ. ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಪಕ್ಕ ಹುಟ್ಟಿದ ತಿಂಗಳು ಬರೆದುಕೊಂಡು, ನವೆಂಬರ್, ಡಿಸೆಂಬರ್ ಮಕ್ಕಳ ನೋಟ್‌ಬುಕ್ ಪಕ್ಕದಲ್ಲಿ ನಿಮ್ಮ ಮಗನದ್ದನ್ನು ಇಟ್ಟು ನೋಡಲಿ. ಬೇರೆಯವರ ಪುಸ್ತಕ ನಿಮಗೆ ತೋರಿಸೋದು ಬೇಡ, ಅವರೇ ನೋಡಿದರೆ ಸಾಕು. ಅವರೆಲ್ಲರಂತೆಯೇ ಇದ್ದಾನೆ ಅಂದರೆ ಬೋರ್ಡ್ ಹತ್ತಿರದ ಬೆಂಚು, ಹತ್ತು ಸಾಲಿನ ಬದಲು ಐದು ಸಾಲು, ಇಷ್ಟು ಕೇಳಿಕೊಳ್ಳಿ. ಆ ಮಕ್ಕಳಿಗಿಂತಲೂ ತುಂಬಾ ಹಿಂದಿದ್ದಾನೆ ಅಂದರೆ ಮಾತ್ರ ಮುಂದಿನ ಹೆಜ್ಜೆ.

ಮನೆಯಲ್ಲಿ ಟ್ಯೂಷನ್ ಬೇಡ. ಕೈಗೆ ಬಲ ಬರಬೇಕಾದರೆ ಚಪಾತಿ ಹಿಟ್ಟು ಕಲಸಲಿ, ಬಟಾಣಿ, ಅವರೆಕಾಯಿ ಬಿಡಿಸಲಿ, ನಿಮ್ಮ ಜೊತೆ ಕೂತು ರಂಗೋಲಿ ಚುಕ್ಕಿ ಇಡಲಿ. ಅಳಗುಳಿಮಣೆ ಆಡಿದರೆ ಎಣಿಕೆ ತಾನಾಗಿ ಬರುತ್ತದೆ. ರಾತ್ರಿ ಹತ್ತು ನಿಮಿಷ ನೀವು ಓದಿ, ಅವನು ಕೇಳಲಿ. ಬೇಗ ಮಲಗಿಸಿ. ನೆಂಟರ ಮುಂದೆ ‘ಇವನು ಚಿಕ್ಕವನು, ಇವನಿಗೆ ಬರಲ್ಲ’ ಅಂತ ಹೇಳಬೇಡಿ, ಕಾಳಜಿಯಿಂದ ಹೇಳಿದರೂ ಬೇಡ. ಅಕ್ಕಪಕ್ಕದ ಮಗುವಿನ ಮಾರ್ಕ್ಸ್ ಬಗ್ಗೆ ಅವನಿಗೆ ಕೇಳಿಸುವ ಹಾಗೆ ಮಾತಾಡಬೇಡಿ.

ಮಾತು ಸ್ಪಷ್ಟವಿಲ್ಲದಿದ್ದರೆ, ಕರೆದಾಗ ತಿರುಗದಿದ್ದರೆ, ಮೊದಲು ಬರುತ್ತಿದ್ದದ್ದು ಈಗ ಮರೆತುಹೋಗುತ್ತಿದ್ದರೆ, ಮನೆಯಲ್ಲೂ ಅವನನ್ನು ಹಿಡಿಯೋದು ಕಷ್ಟವಾಗಿದ್ದರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಮಾತು, ಕಿವಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಗಮನ, ನಡವಳಿಕೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಎಲ್ಲಿ ಹೋದರೂ ಕ್ಲಾಸ್ ಯಾವುದು ಅಂತ ಮಾತ್ರ ಹೇಳಬೇಡಿ, ಹುಟ್ಟಿದ ತಿಂಗಳನ್ನೂ ಕ್ಲಾಸಿನಲ್ಲೇ ಕಿರಿಯ ಅನ್ನೋದನ್ನೂ ಮೊದಲೇ ಹೇಳಿ. ಇದ್ಯಾವುದೂ ಇಲ್ಲದೆ, ಎರಡನೇ ಕ್ಲಾಸ್ ಮುಗಿಯುವ ಹೊತ್ತಿಗೂ ಒತ್ತಕ್ಷರ ಇಲ್ಲದ ಸರಳ ಪದಗಳನ್ನೇ ಓದಲಾಗದಿದ್ದರೆ ಆಗ ಕಲಿಕೆಯ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಅಷ್ಟರಲ್ಲಿ ಏಳು ದಾಟಿರುತ್ತಾನೆ, ಪರೀಕ್ಷೆಯ ಫಲಿತಾಂಶವೂ ನಂಬುವಂತಿರುತ್ತದೆ.

ಕೊನೆಗೆ ಮಗಳ ವಿಷಯ. 2022ರ ಜುಲೈ ಅಂದರೆ 2028ರ ಜೂನ್ 1ಕ್ಕೆ ಅವಳಿಗೆ 5 ವರ್ಷ 10 ತಿಂಗಳು. 6ರ ನಿಯಮ ಹಾಗೇ ಇದ್ದರೆ ಒಂದನೇ ಕ್ಲಾಸು 2029ರಲ್ಲಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಯುಕೆಜಿ 2028, ಎಲ್‌ಕೆಜಿ 2027. ಈ ವರ್ಷವೇ ಎಲ್‌ಕೆಜಿಗೆ ಹಾಕಿದರೆ 2028ಕ್ಕೆ ಯುಕೆಜಿ ಮುಗಿಸಿ ಕೂತಿರುತ್ತಾಳೆ, ಒಂದನೇ ಕ್ಲಾಸಿಗೆ ಬಾಗಿಲು ತೆರೆದಿರೋದಿಲ್ಲ. 2025ರಲ್ಲಿ ಎಷ್ಟೋ ತಂದೆ ತಾಯಂದಿರು ಸಡಿಲಿಕೆ ಕೇಳಿದ್ದು ಇದೇ ಕಾರಣಕ್ಕೆ. ಈ ವರ್ಷ ಅಂಗನವಾಡಿಗೋ ಆಟದ ಶಾಲೆಗೋ ಕಳಿಸಿ, ಬರೆಸುವ ಜಾಗಕ್ಕೆ ಬೇಡ. ಅವಳು ತನ್ನ ಕ್ಲಾಸಿನಲ್ಲಿ ದೊಡ್ಡವಳಾಗುತ್ತಾಳೆ, ಎಲ್ಲಾ ಬೇಗ ಬರುತ್ತದೆ, ಮಿಸ್ ಹೊಗಳುತ್ತಾರೆ. ಆಗ ಅಣ್ಣನಿಗೆ ಒಂಬತ್ತು ವರ್ಷ ತುಂಬಿ ಎಲ್ಲವೂ ಅರ್ಥವಾಗುತ್ತಿರುತ್ತದೆ. ಇವಳ ಒಂದನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನು ಅವನ ಒಂದನೇ ಕ್ಲಾಸಿನದರ ಜೊತೆ ಮನೆಯಲ್ಲಿ ಯಾರೂ ಹೋಲಿಸಬಾರದು ಅಂತ ಅತ್ತೆಯವರಿಗೂ ಈಗಲೇ ಹೇಳಿಡಿ.